ಒಂದು ಸರ್ವರ್, ಇಪ್ಪತ್ತೆರಡು ಮಷೀನು: ಆಂಟಿವೈರಸ್ ಅಪ್‌ಡೇಟ್ ನಡೆದು ಬಂದ ದಾರಿ

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಟ್ಟ ಸ್ವಚ್ಛ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಹಳೇ ಟ್ರಂಕಿನಲ್ಲಿ ಒಂದು ಸಿಡಿ ಪೌಚು ಸಿಕ್ಕಿತು. ಅದರಲ್ಲಿ ಹಾಡಿನ ಸಿಡಿ ನಾಲ್ಕು, ಯಾರದೋ ಮದುವೆ ಸಿಡಿ ಎರಡು, ಉಳಿದದ್ದೆಲ್ಲ ನನ್ನ ಕೈಬರಹದ ಸಿಡಿಗಳು. ಒಂದರ ಮೇಲೆ ಮಾರ್ಕರ್ ಪೆನ್ನಿನಲ್ಲಿ "ಡೆಫ್, 14 ಆಗಸ್ಟ್ 2005" ಅಂತ ಬರೆದಿದೆ. ನನ್ನ ಮಗ ಕೇಳಿದ, "ಅಪ್ಪಾ, ಡೆಫ್ ಅಂದ್ರೆ ಏನು? ಹಾಡಾ?" ಅಂತ. ಹಾಡಲ್ಲ ಮಾರಾಯ, ಅದು ಆಂಟಿವೈರಸ್ಸಿನ ವೈರಸ್ ಡೆಫಿನಿಷನ್ ಫೈಲು, ಅದನ್ನು ತರೋದಕ್ಕೆ ನಾನು ಭಾನುವಾರ ಬಸ್ಸು ಹತ್ತಿ ಬಾಗಲಕೋಟೆಗೆ ಹೋಗ್ತಿದ್ದೆ ಅಂದೆ. ಅವನು ನಂಬಲೇ ಇಲ್ಲ :-)

ಅವನಿಗೆ ಹೇಳಲು ಶುರು ಮಾಡಿದ್ದನ್ನು ಇಲ್ಲಿ ಬರೆದು ಮುಗಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಬೇಜಾರಾದರೆ ಬೈಯಬೇಡಿ. ಇದರಲ್ಲಿ ನನ್ನದೇ ಒಂದು ತಪ್ಪಿನ ಕಥೆಯೂ ಇದೆ. ಹದಿನೈದು ವರ್ಷಕ್ಕೂ ಮೇಲಾಯಿತು, ಇನ್ನಾದರೂ ಬರೆಯದಿದ್ದರೆ ಹೇಗೆ...

*

2004ರಿಂದ 2009ರ ತನಕ ನಾನು ಹುನಗುಂದ ಕಡೆಯ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೆ. ರಾಮಥಾಳ, ಅಮೀನಗಡ, ಇಳಕಲ್ ಹೀಗೆ ಸುತ್ತಲಿನ ಊರುಗಳಿಂದ ಹುಡುಗ ಹುಡುಗಿಯರು ಬಸ್ಸಿನಲ್ಲಿ ಬರುತ್ತಿದ್ದರು. ಇಪ್ಪತ್ತೆರಡು ಮಷೀನುಗಳು. ಅರ್ಧಕ್ಕೆ ವಿಂಡೋಸ್ 98, ಅರ್ಧಕ್ಕೆ ಎಕ್ಸ್‌ಪಿ. ಹೊರಗಿನ ಜಗತ್ತಿಗೆ ಇದ್ದದ್ದು ಒಂದೇ ಒಂದು ಡಯಲ್-ಅಪ್ ಕನೆಕ್ಷನ್ನು. ಅದೂ ಆಫೀಸಿನ ಫೋನಿನಿಂದ ಎಳೆದ ವೈರು. ಪ್ರಿನ್ಸಿಪಾಲರಿಗೆ ಫೋನು ಬೇಕಾದಾಗ ನಮ್ಮ ಇಂಟರ್ನೆಟ್ಟು ಖಲಾಸ್.

ವೈರಸ್ ಡೆಫಿನಿಷನ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಪೊಲೀಸ್ ಠಾಣೆಯ ಗೋಡೆ ಮೇಲೆ ‘ಇವರು ಬೇಕಾಗಿದ್ದಾರೆ’ ಅಂತ ಕಳ್ಳರ ಫೋಟೋ ಅಂಟಿಸಿರುತ್ತಾರಲ್ಲ, ಅದೇ ಇದು. ಆಂಟಿವೈರಸ್ ತಂತ್ರಾಂಶ ಅಂದರೆ ಪೇದೆ. ಡೆಫಿನಿಷನ್ ಅಂದರೆ ಫೋಟೋಗಳ ಕಟ್ಟು. ಪೇದೆ ಎಷ್ಟೇ ಗಟ್ಟಿಗನಾಗಿರಲಿ, ಅವನ ಕೈಯಲ್ಲಿರುವ ಫೋಟೋ ಹೋದ ತಿಂಗಳದ್ದಾದರೆ ಈ ವಾರ ಬಂದ ಹೊಸ ಕಳ್ಳ ಎದುರಿಗೇ ನಡೆದು ಹೋದರೂ ಗೊತ್ತಾಗುವುದಿಲ್ಲ. ಹಾಗಾಗಿ ಆಂಟಿವೈರಸ್ಸಿನ ಇತಿಹಾಸದಲ್ಲಿ ಅರ್ಧ ಭಾಗ ಈ ಫೋಟೋ ಕಟ್ಟನ್ನು ಎಲ್ಲ ಠಾಣೆಗೂ ಹೊತ್ತಿಗೆ ಸರಿಯಾಗಿ ಮುಟ್ಟಿಸುವುದು ಹೇಗೆ ಅನ್ನುವುದರ ಇತಿಹಾಸ.

ಮೊದಲು ಇದಕ್ಕೆ ಅವಸರ ಇರಲಿಲ್ಲ. ಪಿ.ಸಿ.ಗಳ ಮೊದಲ ವೈರಸ್ ಅಂತ ಹೇಳುವ ‘ಬ್ರೈನ್’ 1986ರಲ್ಲಿ ಲಾಹೋರಿನ ಇಬ್ಬರು ಅಣ್ಣತಮ್ಮಂದಿರ ಕೈಯಲ್ಲಿ ಹುಟ್ಟಿತು. ಅದು ಹರಡಿದ್ದು ಫ್ಲಾಪಿಯಲ್ಲಿ. ನಮ್ಮ ದೇಶದ ಹೆಸರು ಮೆತ್ತಿಕೊಂಡ ‘ಜೋಶಿ’ ವೈರಸ್ 1990ರಲ್ಲಿ ಕಾಣಿಸಿಕೊಂಡಿತು. ಜನವರಿ 5ರಂದು ಕಂಪ್ಯೂಟರ್ ಹಚ್ಚಿದರೆ "ಹ್ಯಾಪಿ ಬರ್ತ್‌ಡೇ ಜೋಶಿ" ಅಂತ ಟೈಪ್ ಮಾಡು ಅನ್ನುತ್ತಿತ್ತು, ಮಾಡದಿದ್ದರೆ ಮಷೀನು ಮುಂದೆ ಹೋಗುತ್ತಿರಲಿಲ್ಲ. ಇವೆಲ್ಲ ಮನುಷ್ಯ ಫ್ಲಾಪಿ ಹಿಡಿದು ಎಷ್ಟು ಬೇಗ ನಡೆಯುತ್ತಾನೋ ಅಷ್ಟೇ ಬೇಗ ಹರಡುವ ವೈರಸ್ಸುಗಳು. ಮದ್ದೂ ಹಾಗೇ, ಅಂಚೆಯಲ್ಲಿ ಫ್ಲಾಪಿಯಾಗಿ ಬರುತ್ತಿತ್ತು. ತಿಂಗಳು ತಡವಾದರೂ ನಡೆಯುತ್ತಿತ್ತು. 1990ರ ದಶಕದ ಮಧ್ಯದಲ್ಲಿ ನಮ್ಮ ಪಕ್ಕದ ಪುಣೆಯಲ್ಲಿ ಕ್ಯಾಲ್ಕ್ಯುಲೇಟರ್ ರಿಪೇರಿಯಿಂದ ಶುರು ಮಾಡಿದ ಕೈಲಾಶ್ ಕಾಟ್ಕರ್ ಮತ್ತು ಅವರ ತಮ್ಮ ಸಂಜಯ್ ಕ್ವಿಕ್ ಹೀಲ್ ಮಾರಲು ಹೊರಟಾಗಲೂ ಕಾಲ ಫ್ಲಾಪಿಯದ್ದೇ.

ಆಮೇಲೆ ಈಮೇಲ್ ಬಂತು, ಲೆಕ್ಕ ತಲೆಕೆಳಗಾಯಿತು. 1999ರ ಮಾರ್ಚಿನ ‘ಮೆಲಿಸ್ಸಾ’, 2000ದ ಮೇ 4ರ ‘ಐ ಲವ್ ಯೂ’, ಇವು ದೇಶದಿಂದ ದೇಶಕ್ಕೆ ಹಾರಿದ್ದು ಗಂಟೆಗಳ ಲೆಕ್ಕದಲ್ಲಿ. 2003ರ ಜನವರಿ 25ರ ‘ಸ್ಲ್ಯಾಮರ್’ ಅಂತೂ ಬರೀ 376 ಬೈಟಿನ ಹುಳ. ಶುರುವಿನಲ್ಲಿ ಸುಮಾರು ಎಂಟೂವರೆ ಸೆಕೆಂಡಿಗೊಮ್ಮೆ ದುಪ್ಪಟ್ಟಾಗುತ್ತಿತ್ತು. ಹತ್ತೇ ನಿಮಿಷದಲ್ಲಿ ತನಗೆ ಸಿಗಬಹುದಾದ ಸರ್ವರುಗಳಲ್ಲಿ ಹೆಚ್ಚಿನವನ್ನು ಹಿಡಿದುಬಿಟ್ಟಿತ್ತು. ಇಷ್ಟು ವೇಗದ ಕಳ್ಳನಿಗೆ ಅಂಚೆಯಲ್ಲಿ ಬರುವ ಫೋಟೋ ಯಾವ ಮೂಲೆಗೆ?

*

ಕಂಪನಿಗಳು ಇಂಟರ್ನೆಟ್ ಮೂಲಕ ತಾನೇ ಅಪ್‌ಡೇಟ್ ಆಗುವ ಆಂಟಿವೈರಸ್ ತಂದವು. ಮೊದಲು ವಾರಕ್ಕೊಮ್ಮೆ ಬರುತ್ತಿದ್ದ ಡೆಫಿನಿಷನ್ನು 2000ದ ದಶಕದ ನಡುವಿಗೆ ದಿನಕ್ಕೊಮ್ಮೆ ಬರತೊಡಗಿತು. ಬೆಂಗಳೂರಿನ ದೊಡ್ಡ ಆಫೀಸಿಗೆ ಇದು ಸರಿ. ನಮಗೆ?

ನಮ್ಮ ಲೆಕ್ಕ ಕೇಳಿ. ಡೆಫಿನಿಷನ್ ಫೈಲು ಸುಮಾರು 10 ಎಂಬಿ. ನಮ್ಮ ಡಯಲ್-ಅಪ್ಪಿನಲ್ಲಿ ಸೆಕೆಂಡಿಗೆ 3 ಕೆಬಿ ಬಂದರೆ ಪುಣ್ಯ. ಅಂದರೆ ಒಂದು ಮಷೀನಿಗೆ ಹೆಚ್ಚುಕಡಿಮೆ ಒಂದು ತಾಸು. ಇಪ್ಪತ್ತೆರಡು ಮಷೀನುಗಳೂ ತಾವ್ತಾವೇ ಎಳೆದುಕೊಳ್ಳುತ್ತೇವೆ ಅಂದರೆ ಇಪ್ಪತ್ತು ತಾಸಿಗೂ ಮೇಲೆ! ಫೋನ್ ಬಿಲ್ಲು ಯಾರ ಅಪ್ಪ ಕಟ್ಟಬೇಕು? ಅದಕ್ಕೇ ನಾನು ಭಾನುವಾರ ಬಾಗಲಕೋಟೆ ಬಸ್ಸು ಹಿಡಿಯುತ್ತಿದ್ದೆ. ಅಲ್ಲೊಂದು ಸೈಬರ್ ಕೆಫೆಯಲ್ಲಿ ಇಳಿಸಿಕೊಂಡು, ಸಿಡಿಗೆ ಬರೆಸಿಕೊಂಡು, ಬರುವಾಗ ಅಮೀನಗಡದಲ್ಲಿ ಇಳಿದು ಮನೆಗೆ ಕರದಂಟು ಕಟ್ಟಿಸಿಕೊಂಡು ವಾಪಸ್. ಸೋಮವಾರ ಬೆಳಿಗ್ಗೆ ಒಂದೊಂದೇ ಮಷೀನಿಗೆ ಸಿಡಿ ಹಾಕಿ, ಡಬಲ್ ಕ್ಲಿಕ್ ಮಾಡಿ, ‘ನೆಕ್ಸ್ಟ್ ನೆಕ್ಸ್ಟ್ ಫಿನಿಶ್’. ಇಪ್ಪತ್ತೆರಡನೇದು ಮುಗಿಯುವಷ್ಟರಲ್ಲಿ ಮಧ್ಯಾಹ್ನ. ಕೆಲವು ಮಷೀನುಗಳ ಸಿಡಿ ಡ್ರೈವು ಕೆಟ್ಟಿರುತ್ತಿತ್ತು, ಅವಕ್ಕೆ ಆ ವಾರ ದೇವರೇ ದಿಕ್ಕು.

ಆದರೆ ಆ ಪದ್ಧತಿಯಲ್ಲಿ ಒಂದು ಒಳ್ಳೇದಿತ್ತು, ಅದು ನನಗೆ ಆಗ ಗೊತ್ತಾಗಲಿಲ್ಲ. ಪ್ರತಿ ವಾರ ಪ್ರತಿ ಮಷೀನಿನ ಮುಂದೆ ನಾನು ಕೂರುತ್ತಿದ್ದೆ. ಅದರ ಪರದೆ ನನ್ನ ಕಣ್ಣಿಗೆ ಬೀಳುತ್ತಿತ್ತು.

ಇದೇ ಸಮಸ್ಯೆ ದೊಡ್ಡ ಪ್ರಮಾಣದಲ್ಲಿ ಎಲ್ಲ ಕಡೆಯೂ ಇತ್ತು. ಆ ಹೊತ್ತಿಗೆ ನಮ್ಮ ರಾಜ್ಯದಲ್ಲಿ ‘ಭೂಮಿ’ ಯೋಜನೆ ಬಂದಿತ್ತು. ಕೈಬರಹದ ಪಹಣಿ (ನಮ್ಮ ಕಡೆ ಉತಾರ ಅಂತೀವಿ) ಹೋಗಿ, ತಾಲೂಕು ಕಚೇರಿಯ ಕಿಯೋಸ್ಕಿನಲ್ಲಿ 15 ರೂಪಾಯಿ ಕೊಟ್ಟರೆ ಪ್ರಿಂಟ್ ಆದ ಪಹಣಿ ಸಿಗುವ ಕಾಲ. 177 ತಾಲೂಕುಗಳು, ಸುಮಾರು 2 ಕೋಟಿ ಪಹಣಿಗಳು, 67 ಲಕ್ಷ ರೈತರು. ಮೊದಲ ವರ್ಷಗಳಲ್ಲಿ ಆಯಾ ತಾಲೂಕಿನ ದಾಖಲೆ ಆಯಾ ತಾಲೂಕು ಕಚೇರಿಯ ಕಂಪ್ಯೂಟರಿನಲ್ಲೇ ಇರುತ್ತಿತ್ತು. ಯೋಚಿಸಿ ನೋಡಿ, ರಾಮಥಾಳದ ಒಬ್ಬ ರೈತನ ಎರೆಹೊಲ ಯಾರ ಹೆಸರಿನಲ್ಲಿದೆ ಅನ್ನುವುದು ಹುನಗುಂದದ ಒಂದು ಕೋಣೆಯ ಒಂದು ಮಷೀನಿನಲ್ಲಿ. ಅಂಥ ಮಷೀನುಗಳನ್ನು ರಾಜ್ಯದ ತುಂಬ ಕಾಯಬೇಕು ಅಂದರೆ ಸಿಡಿ ಹಿಡಿದ ನನ್ನಂಥವನು ಸಾಲುವುದಿಲ್ಲ. ಮುಂದೆ ರಾಜಧಾನಿ, ಜಿಲ್ಲೆ, ತಾಲೂಕು ಜೋಡಿಸುವ ‘ಕೆಸ್ವಾನ್’ ಜಾಲ ಬಂದದ್ದು, ದಾಖಲೆಗಳು ಒಂದು ಕಡೆ ಸೇರತೊಡಗಿದ್ದು, ಎಲ್ಲ ಒಂದೇ ದಿಕ್ಕಿನ ನಡೆ. ಎಲ್ಲರ ಕಾವಲನ್ನೂ ಒಂದು ಕಡೆಯಿಂದ ನೋಡಿಕೊಳ್ಳುವುದು.

ಆಂಟಿವೈರಸ್ ಕಂಪನಿಗಳು ಇದಕ್ಕೆ ಮೊದಲೇ ದಾರಿ ಹುಡುಕಿದ್ದವು. ಇಂಟೆಲ್ ಕಂಪನಿಯ ಬಳಿ ‘ಲ್ಯಾನ್‌ಡೆಸ್ಕ್ ವೈರಸ್ ಪ್ರೊಟೆಕ್ಟ್’ ಅಂತ ಒಂದು ತಂತ್ರಾಂಶ ಇತ್ತು. ಅದನ್ನು 1998ರಲ್ಲಿ ಸಿಮ್ಯಾಂಟೆಕ್ ಕೊಂಡುಕೊಂಡು ತನ್ನ ನಾರ್ಟನ್ ‘ಕಾರ್ಪೊರೇಟ್’ ಆವೃತ್ತಿಗೆ ಬಳಸಿಕೊಂಡಿತು. ಮ್ಯಾಕಫಿಯವರದು ‘ಇ-ಪಾಲಿಸಿ ಆರ್ಕೆಸ್ಟ್ರೇಟರ್’, ಟ್ರೆಂಡ್ ಮೈಕ್ರೋದವರದು ‘ಆಫೀಸ್‌ಸ್ಕ್ಯಾನ್’. ಹೆಸರು ಬೇರೆ, ಉಪಾಯ ಒಂದೇ. ಹೊರಗಿನಿಂದ ಒಂದೇ ಮಷೀನು, ಅಂದರೆ ಸರ್ವರ್, ಡೆಫಿನಿಷನ್ ಇಳಿಸಿಕೊಳ್ಳುತ್ತದೆ. ಉಳಿದವೆಲ್ಲ ಅದರಿಂದ ಒಳಗಿನ ವೈರಿನಲ್ಲೇ ಪಡೆಯುತ್ತವೆ. ಯಾವ ಮಷೀನಿಗೆ ಮುಟ್ಟಿದೆ, ಯಾವುದಕ್ಕೆ ಇಲ್ಲ ಅಂತ ಸರ್ವರಿನ ಪರದೆಯಲ್ಲೇ ಕಾಣುತ್ತದೆ. ಬಿಟ್ಟಿ ತಂತ್ರಾಂಶದವರೂ ಹಿಂದೆ ಬೀಳಲಿಲ್ಲ. 2002ರಲ್ಲಿ ಪೋಲೆಂಡಿನ ತೋಮಾಶ್ ಕೊಯ್ಮ್ ಶುರು ಮಾಡಿದ ‘ಕ್ಲ್ಯಾಮ್ ಎವಿ’ಯಲ್ಲಿ ಒಂದು ಜಾಣತನ ಇದೆ. ಹೊಸ ಡೆಫಿನಿಷನ್ ಬಂದಿದೆಯಾ ಅಂತ ಕೇಳಲು ಫೈಲನ್ನೇ ಎಳೆಯಬೇಕಿಲ್ಲ. ವೆಬ್‌ಸೈಟಿನ ವಿಳಾಸ ಹುಡುಕಲು ಬಳಸುವ ಡಿಎನ್‌ಎಸ್‌ನಲ್ಲೇ ಈಗಿನ ಆವೃತ್ತಿಯ ನಂಬರು ಬರೆದಿಟ್ಟಿರುತ್ತಾರೆ, ಅದನ್ನು ಓದಿದರೆ ಸಾಕು. ಹೊಸದಿದ್ದರೆ ಬದಲಾದ ಭಾಗವನ್ನಷ್ಟೇ ತರುತ್ತದೆ. ಇನ್ನು ಸ್ಲ್ಯಾಮರ್‌ನಂಥವು ಫೈಲಾಗಿ ಡಿಸ್ಕಿಗೆ ಇಳಿಯದೇ ಮೆಮೊರಿಯಲ್ಲೇ ಓಡಾಡಿದ್ದರಿಂದ ಫೋಟೋ ಕಟ್ಟು ಅಷ್ಟಾಗಿ ಕೆಲಸಕ್ಕೆ ಬರಲಿಲ್ಲ. ಅವಕ್ಕೆ ಬೇಕಾದದ್ದು ಪ್ಯಾಚು. ಪ್ಯಾಚುಗಳನ್ನೂ ಹೀಗೇ ಒಂದು ಕಡೆಯಿಂದ ಹಂಚಲು ಮೈಕ್ರೋಸಾಫ್ಟ್ 2002ರಲ್ಲಿ ಒಂದು ಸರ್ವರ್ ತಂತ್ರಾಂಶ ಕೊಟ್ಟಿತು. ಅದೇ 2005ರಲ್ಲಿ ‘ಡಬ್ಲ್ಯುಎಸ್‌ಯುಎಸ್’ ಆಯಿತು.

ನಮ್ಮ ಲ್ಯಾಬಿಗೆ ಈ ಭಾಗ್ಯ ಬಂದದ್ದು 2006ರ ಬೇಸಿಗೆ ರಜೆಯಲ್ಲಿ. ಸ್ಟೋರ್ ರೂಮಿನಲ್ಲಿ ಒಡೆದ ಬೆಂಚುಗಳ ಪಕ್ಕ ಒಂದು ಸರ್ವರ್ ಕೂತಿತು. ರಾತ್ರಿ ಫೋನು ಖಾಲಿ ಇದ್ದಾಗ ಅದು ತಾನೇ ಡಯಲ್ ಮಾಡಿ ತಾಸಿನಲ್ಲಿ ಡೆಫಿನಿಷನ್ ಇಳಿಸಿಕೊಳ್ಳುತ್ತಿತ್ತು. ಬೆಳಿಗ್ಗೆ ಲ್ಯಾಬು ತೆರೆದರೆ ಒಳಗಿನ 100 ಎಂಬಿಪಿಎಸ್ ವೈರಿನಲ್ಲಿ ಒಂದೊಂದು ಮಷೀನಿಗೆ ಕೆಲವೇ ಸೆಕೆಂಡು. ಇಪ್ಪತ್ತು ತಾಸಿನ ಕೆಲಸ ಒಂದು ತಾಸಿಗೆ ಇಳಿಯಿತು! ಸರ್ವರಿನ ಪರದೆಯಲ್ಲಿ ಇಪ್ಪತ್ತೆರಡು ಹೆಸರು, ಇಪ್ಪತ್ತೆರಡು ಹಸಿರು ಗುರುತು. ಆ ಹಸಿರು ನೋಡುವುದೇ ಒಂದು ಸುಖ. ನನ್ನ ಬಾಗಲಕೋಟೆ ಬಸ್ಸು ನಿಂತಿತು. ಮನೆಯಲ್ಲಿ ಕರದಂಟು ನಿಂತಿದ್ದಕ್ಕೆ ಮಾತ್ರ ಗಲಾಟೆ.

*

ಈಗ ತಪ್ಪಿನ ಕಥೆ.

2008ರ ಮಾರ್ಚ್. ಪರೀಕ್ಷೆ ಹತ್ತಿರ. ಆಗ ಪೆನ್ ಡ್ರೈವ್ ಹುಳಗಳ ಸುಗ್ಗಿ, ನಿಮಗೂ ನೆನಪಿರಬಹುದು. ಪೆನ್ ಡ್ರೈವಿನ ಫೋಲ್ಡರುಗಳನ್ನೆಲ್ಲ ಅಡಗಿಸಿಟ್ಟು, ಅದೇ ಹೆಸರಿನ, ಫೋಲ್ಡರಿನದೇ ಚಿತ್ರ ಹೊತ್ತ ಇಎಕ್ಸ್‌ಇ ಫೈಲು ತಂದಿಡುತ್ತಿದ್ದವು. ಎಕ್ಸ್‌ಪಿಯಲ್ಲಿ ಫೈಲಿನ ಬಾಲ ಕಾಣುತ್ತಿರಲಿಲ್ಲ. ಫೋಲ್ಡರ್ ಅಂತ ಕ್ಲಿಕ್ ಮಾಡಿದರೆ ಮುಗೀತು.

ಒಂದು ಬೆಳಿಗ್ಗೆ ರಾಮಥಾಳದಿಂದ ಬರುತ್ತಿದ್ದ ಬಿ.ಕಾಂ ಕೊನೇ ವರ್ಷದ ಹುಡುಗಿಯೊಬ್ಬಳು ನನ್ನ ಟೇಬಲ್ಲಿಗೆ ಬಂದು ಪೆನ್ ಡ್ರೈವ್ ಇಟ್ಟಳು. "ಸರ್, ನನ್ನ ಪ್ರಾಜೆಕ್ಟ್ ಎಲ್ಲಿ ಹೋತ್ರಿ? ನಿನ್ನೆ ಸಂಜಿಮಟ ಇತ್ತಲ್ರೀ..."

ಇಳಕಲ್ಲಿನ ಸೀರೆ ನೇಯುವವರ ಮನೆಮನೆಗೆ ಹೋಗಿ ಕೇಳಿ ಬರೆದ ಪ್ರಾಜೆಕ್ಟು. 64 ಪುಟ, ಕನ್ನಡದಲ್ಲಿ, ತಾನೇ ಟೈಪ್ ಮಾಡಿದ್ದು. ನಾನು ಸರ್ವರ್ ನೋಡಿದೆ. ಇಪ್ಪತ್ತೆರಡೂ ಹಸಿರು. ಹಾಗಾದರೆ ವೈರಸ್ ಇಲ್ಲಿಂದ ಹತ್ತಿಲ್ಲ, ಹೊರಗೆಲ್ಲೋ ಹತ್ತಿಸಿಕೊಂಡು ಬಂದಿದ್ದಾಳೆ ಅಂತ ತೀರ್ಮಾನಿಸಿದೆ. ಡ್ರೈವಿನಲ್ಲಿ ಏನೂ ಕಾಣಲಿಲ್ಲ. "ಎಲ್ಲಾ ಹೋಗಿದೆ ಕಣಮ್ಮಾ, ಫಾರ್ಮ್ಯಾಟ್ ಮಾಡಿ ಕೊಡ್ತೀನಿ, ಇನ್ಮೇಲೆ ಹೊರಗೆ ಕಂಡಕಂಡಲ್ಲಿ ಹಾಕಬೇಡ" ಅಂತ ಬುದ್ಧಿ ಬೇರೆ ಹೇಳಿದೆ. ಫಾರ್ಮ್ಯಾಟ್ ಮಾಡಿದೆ. ಅವಳು ಅವತ್ತೇ ಅದಕ್ಕೆ ಬೇರೆ ಫೈಲು ತುಂಬಿಕೊಂಡು ಹೋದಳು. ಲ್ಯಾಬಿನ ಮಷೀನಿನಲ್ಲಿ ಪ್ರತಿ ಇರಲಿಲ್ಲ, ಯಾಕಂದರೆ ಪ್ರತಿ ಶನಿವಾರ ಮಷೀನುಗಳನ್ನು ಖಾಲಿ ಮಾಡುವ ನಿಯಮ ತಂದವನು ನಾನೇ.

ಮಧ್ಯಾಹ್ನದೊಳಗೆ ಇನ್ನೂ ನಾಲ್ಕು ಜನ ಅದೇ ದೂರು ತಂದರು. ಆಗ ಎದೆ ಧಸಕ್ಕೆಂದಿತು. ಸರ್ವರಿನ ಒಳಗೆ ಹೋಗಿ ಡೆಫಿನಿಷನ್ನಿನ ತಾರೀಖು ನೋಡಿದೆ. 19 ದಿನ ಹಳೇದು! ಹಳೇ ಫೈಲು, ಲಾಗುಗಳೆಲ್ಲ ಸೇರಿ ಸರ್ವರಿನ ಡಿಸ್ಕು ತುಂಬಿತ್ತು, ಹೊಸದನ್ನು ಇಳಿಸಲು ಜಾಗವೇ ಇಲ್ಲ. ರಾತ್ರಿ ರಾತ್ರಿ ಡಯಲ್ ಮಾಡಿ, ಸೋತು, ಸುಮ್ಮನಾಗುತ್ತಿತ್ತು. ಮತ್ತೆ ಹಸಿರು ಗುರುತು? ಆ ಹಸಿರಿನ ಅರ್ಥ "ಸರ್ವರಿನಲ್ಲಿ ಇರುವುದೇ ನನ್ನಲ್ಲೂ ಇದೆ" ಅಂತ ಅಷ್ಟೇ. ಸರ್ವರಿನಲ್ಲಿರುವುದು ಹಳಸಿದ್ದರೆ ಎಲ್ಲರಲ್ಲೂ ಸಮನಾಗಿ ಹಳಸಿದ್ದು, ಎಲ್ಲವೂ ಹಸಿರು. ಅದು ಸುಳ್ಳು ಹೇಳಿರಲಿಲ್ಲ. ನಾನು ತಪ್ಪು ಪ್ರಶ್ನೆ ಕೇಳಿದ್ದೆ.

ಇನ್ನೂ ಕೆಟ್ಟದ್ದು ಗೊತ್ತಾದದ್ದು ಮೂರು ದಿನದ ಮೇಲೆ. ಬಾಗಲಕೋಟೆಯ ಗೆಳೆಯನೊಬ್ಬ ಫೋನಿನಲ್ಲಿ ಹೇಳಿದ, ಆ ಹುಳ ಏನನ್ನೂ ಅಳಿಸುವುದಿಲ್ಲ, ಬರೀ ಅಡಗಿಸುತ್ತದೆ, ಕಮಾಂಡ್ ಪ್ರಾಂಪ್ಟಿನಲ್ಲಿ ‘ಆಟ್ರಿಬ್’ ಕಮಾಂಡು ಹಾಕಿ ಆ ಗುರುತುಗಳನ್ನು ತೆಗೆದರೆ ಫೋಲ್ಡರ್ ಇದ್ದಲ್ಲೇ ಕಾಣುತ್ತದೆ ಅಂತ. ಉಳಿದ ನಾಲ್ವರ ಫೈಲು ಹಾಗೇ ಸಿಕ್ಕವು. ಅಂದರೆ ಆ ಹುಡುಗಿಯ 64 ಪುಟ ಅಳಿಸಿದ್ದು ವೈರಸ್ ಅಲ್ಲ. ನಾನು.

ಅವಳಿಗೆ ಹೇಳಿದೆ. ಹೇಳದೇ ಇರಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ, ಆದರೆ ಹೇಳಿದೆ. ಅವಳು ಬೈಯಲಿಲ್ಲ, ಅಳಲೂ ಇಲ್ಲ. "ಆತು ಬಿಡ್ರಿ ಸರ್, ಪ್ರಶ್ನಾವಳಿ ಹಾಳಿ ಮನ್ಯಾಗ ಅದಾವ" ಅಂದಳು. ನಾಲ್ಕು ದಿನ ಲ್ಯಾಬು ಮುಚ್ಚಿದ ಮೇಲೂ ನಾನು ಬಾಗಿಲು ತೆರೆದಿಟ್ಟು ಕೂತೆ. ಅವಳು ಓದಿ ಹೇಳಿದ್ದನ್ನು ಅರ್ಧ ನಾನು ಟೈಪ್ ಮಾಡಿದೆ, ಅರ್ಧ ಅವಳು. ಕೋಷ್ಟಕಗಳು, ಲೆಕ್ಕಗಳು ಎಲ್ಲ ವಾಪಸ್ ಬಂದವು. ಆದರೆ ನೇಕಾರರು ತಮ್ಮ ಬದುಕಿನ ಬಗ್ಗೆ ಹೇಳಿದ್ದನ್ನು ಅವಳು ಅವತ್ತವತ್ತೇ ನೆನಪಿನಿಂದ ನೇರವಾಗಿ ಟೈಪ್ ಮಾಡಿದ್ದ ಹದಿನಾಲ್ಕು ಪುಟ ಇದ್ದವು. ಅವು ಬರಲಿಲ್ಲ. ಪ್ರಾಜೆಕ್ಟು 50 ಪುಟದ್ದಾಯಿತು.

*

ಆ ಬೇಸಿಗೆಯಲ್ಲಿ ಬಾದಾಮಿ ಕಡೆ ಇರುವ ನಮ್ಮ ಸೋದರಮಾವನ ಮನೆಗೆ ಹೋಗಿದ್ದೆ. ಮಲಪ್ರಭಾ ಕಾಲುವೆಯ ತೀರಾ ತುದಿಯಲ್ಲಿ ಅವನ ಹೊಲ. ಈ ಕಥೆ ಹೇಳಿದೆ. ಕಂಪ್ಯೂಟರ್ ಮುಟ್ಟದ ಮಾವ ಪೂರ್ತಿ ಕೇಳಿ ಅಂದ, "ಡ್ಯಾಮಿನಾಗ ನೀರು ಬಿಟ್ಟೀವಿ ಅಂತ ಪೇಪರಿನ್ಯಾಗ ಬರತೈತಿ. ನನ್ನ ಹೊಲಕ್ಕ ಬಂದೈತೇನು ಅಂತ ಯಾವ ಪೇಪರಿನವ್ರೂ ಬಂದು ನೋಡಂಗಿಲ್ಲ. ಬಿಟ್ಟ ನೀರು ಬ್ಯಾರೆ, ಮುಟ್ಟಿದ ನೀರು ಬ್ಯಾರೆ. ನೀ ಕಡೀ ಹೊಲ ನೋಡಬೇಕಿತ್ತಪಾ."

ಕಡೀ ಹೊಲ ನೋಡು. ಈ ವಿಷಯದಲ್ಲಿ ನಾನು ಓದಿದ ಯಾವ ಮ್ಯಾನ್ಯುಯಲ್ಲಿನಲ್ಲೂ ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿಲ್ಲ. ವಾಪಸ್ ಬಂದ ಮೇಲೆ ನಾನು ಎರಡು ಅಭ್ಯಾಸ ಹಚ್ಚಿಕೊಂಡೆ. ಒಂದು, ದಿನಾ ಬೆಳಿಗ್ಗೆ ಲ್ಯಾಬಿನ ಮೂಲೆಯ ಇಪ್ಪತ್ತೆರಡನೇ ಮಷೀನಿನ ಮುಂದೆ ಕೂತು ಡೆಫಿನಿಷನ್ನಿನ ತಾರೀಖನ್ನು ಗೋಡೆಯ ಕ್ಯಾಲೆಂಡರಿನ ಜೊತೆ ಹೋಲಿಸುವುದು, ಸರ್ವರಿನ ಜೊತೆ ಅಲ್ಲ. ಎರಡು, ವಾರಕ್ಕೊಮ್ಮೆ ಅದೇ ಮಷೀನಿನಲ್ಲಿ ‘ಐಕಾರ್’ ಪರೀಕ್ಷೆ. ಇದು 68 ಅಕ್ಷರಗಳ ನಿರಪಾಯ ಫೈಲು, ಪೇದೆ ಎಚ್ಚರ ಇದ್ದಾನಾ ಅಂತ ನೋಡಲೆಂದೇ ಆಂಟಿವೈರಸ್ಸಿನವರೆಲ್ಲ ಒಪ್ಪಿಕೊಂಡ ಸುಳ್ಳು ಕಳ್ಳ. ಅದನ್ನು ಹಿಡಿದರೆ ಪೇದೆ ಎದ್ದಿದ್ದಾನೆ ಅಂತ ಅರ್ಥ. ಕೈಯಲ್ಲಿರುವ ಫೋಟೋ ಹೊಸದೋ ಹಳೇದೋ ಅಂತ ಅದು ಹೇಳುವುದಿಲ್ಲ, ಅದಕ್ಕೆ ತಾರೀಖೇ ಬೇಕು.

ಆ ವರ್ಷದ ಕೊನೆಗೇ ಇದು ಉಪಯೋಗಕ್ಕೆ ಬಂತು. 2008ರ ನವೆಂಬರಿನಲ್ಲಿ ‘ಕಾನ್‌ಫಿಕರ್’ ಬಂತಲ್ಲ, ಅದು ಪೆನ್ ಡ್ರೈವಿನಲ್ಲೂ ಬರುತ್ತಿತ್ತು, ಲ್ಯಾನಿನಲ್ಲೂ ಹರಿಯುತ್ತಿತ್ತು. ಜೊತೆಗೆ ಆಂಟಿವೈರಸ್ ಕಂಪನಿಗಳ ಸೈಟುಗಳನ್ನೇ ತಡೆದು ಅಪ್‌ಡೇಟ್ ಬರದ ಹಾಗೆ ಮಾಡುತ್ತಿತ್ತು. ಕಾಲುವೆಯ ಬಾಯಿಗೇ ಒಡ್ಡು ಹಾಕುವ ಕಳ್ಳ. ಅದರ ಪ್ಯಾಚನ್ನು ಮೈಕ್ರೋಸಾಫ್ಟ್ ಅಕ್ಟೋಬರ್ 23ಕ್ಕೇ ಬಿಟ್ಟಿತ್ತು. ಆದರೂ ಲಕ್ಷಾಂತರ ಮಷೀನುಗಳು ಸಿಕ್ಕಿಬಿದ್ದವು. ಬಿಟ್ಟ ನೀರು ಬೇರೆ, ಮುಟ್ಟಿದ ನೀರು ಬೇರೆ.

*

ಇದಕ್ಕೆ ಇನ್ನೊಂದು ಮುಖವೂ ಇದೆ. ಮುಟ್ಟದಿದ್ದರೆ ಒಂದು ಕಷ್ಟ, ಮುಟ್ಟಬಾರದ್ದು ಎಲ್ಲರಿಗೂ ಒಟ್ಟಿಗೇ ಮುಟ್ಟಿದರೆ? ಕೇಂದ್ರದಲ್ಲಿ ಕೂತವನು ಅಂಟಿಸಿದ ಫೋಟೋವೇ ತಪ್ಪಾಗಿ, ಊರ ಗೌಡನ ಫೋಟೋ ಕಳ್ಳನದು ಅಂತ ಎಲ್ಲ ಠಾಣೆಗೂ ಹೋದರೆ?

ಇದು ಮತ್ತೆ ಮತ್ತೆ ಆಗಿದೆ. 2005ರ ಏಪ್ರಿಲ್ 23ರಂದು ಟ್ರೆಂಡ್ ಮೈಕ್ರೋ ಬಿಟ್ಟ ಒಂದು ಪ್ಯಾಟರ್ನ್ ಫೈಲಿನಿಂದ ಕಂಪ್ಯೂಟರುಗಳು ತೆವಳತೊಡಗಿ ಜಪಾನಿನಲ್ಲಿ ರೈಲ್ವೆ, ಪತ್ರಿಕಾ ಕಚೇರಿಗಳ ಕೆಲಸವೇ ಕೆಟ್ಟಿತು. 2007ರ ಮೇ ತಿಂಗಳಲ್ಲಿ ಸಿಮ್ಯಾಂಟೆಕ್‌ನ ಡೆಫಿನಿಷನ್ನು ಚೀನೀ ಭಾಷೆಯ ಎಕ್ಸ್‌ಪಿಯ ಎರಡು ಸ್ವಂತ ಫೈಲುಗಳನ್ನೇ ವೈರಸ್ ಅಂತ ಎತ್ತಿಟ್ಟಿತು. ಮಷೀನುಗಳು ಏಳಲಿಲ್ಲ. 2010ರ ಏಪ್ರಿಲ್ 21ರಂದು ಮ್ಯಾಕಫಿಯ 5958ನೇ ಡೆಫಿನಿಷನ್ನು ವಿಂಡೋಸ್ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 3ರ ‘ಎಸ್‌ವಿಸಿಹೋಸ್ಟ್’ ಅನ್ನುವ ಜೀವನಾಡಿ ಫೈಲನ್ನೇ ಹಿಡಿದು ಹಾಕಿತು. ಜಗತ್ತಿನ ಆಫೀಸುಗಳಲ್ಲಿ ಮಷೀನುಗಳು ಬಂದ್ ಆಗಿ, ಮತ್ತೆ ಹತ್ತಿ, ಮತ್ತೆ ಬಂದ್. ಯಾರ ಕೇಂದ್ರ ಸರ್ವರು ಚುರುಕಾಗಿತ್ತೋ ಅವರಿಗೇ ಹೆಚ್ಚು ಪೆಟ್ಟು! ಅಪ್‌ಡೇಟ್ ಮಾಡುವುದರಲ್ಲಿ ಸೋಮಾರಿಯಾದವರು ಅವತ್ತು ಬಚಾವು.

ಎಲ್ಲಕ್ಕಿಂತ ದೊಡ್ಡದು 2024ರ ಜುಲೈ 19, ಶುಕ್ರವಾರ. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9 ಗಂಟೆ 39 ನಿಮಿಷಕ್ಕೆ ಕ್ರೌಡ್‌ಸ್ಟ್ರೈಕ್ ಕಂಪನಿ ಒಂದು ಪುಟ್ಟ ಫೈಲು ಬಿಟ್ಟಿತು. ಇವರದು ಹಳೇ ಅರ್ಥದ ಆಂಟಿವೈರಸ್ ಅಲ್ಲ, ಆದರೂ ಹೊಸ ದಾಳಿಗಳ ಗುರುತನ್ನು ಕೇಂದ್ರದಿಂದ ಹಂಚುವ ಪದ್ಧತಿ ಅದೇ. ತಂತ್ರಾಂಶಕ್ಕೆ 20 ಮಾಹಿತಿ ಕೊಡುವ ಕಡೆ ಆ ಫೈಲು 21ನೆಯದನ್ನು ಕೇಳಿತು. ಇಲ್ಲದ 21ನೆಯದನ್ನು ಓದಲು ಹೋಗಿ ವಿಂಡೋಸ್ ಮಕಾಡೆ ಬಿತ್ತು. 78 ನಿಮಿಷದಲ್ಲಿ ಕಂಪನಿ ಫೈಲನ್ನು ಹಿಂದಕ್ಕೆ ಪಡೆಯಿತು. ಆದರೆ ಅಷ್ಟರಲ್ಲಿ, ಮೈಕ್ರೋಸಾಫ್ಟ್ ಕೊಟ್ಟ ಲೆಕ್ಕದಂತೆ, ಸುಮಾರು 85 ಲಕ್ಷ ಮಷೀನುಗಳು ನೀಲಿ ಪರದೆ ಹೊದ್ದು ಮಲಗಿದ್ದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟರು, ಫೋಟೋ ನೀವೂ ನೋಡಿರುತ್ತೀರಿ.

ನನಗೆ ಆ ಸುದ್ದಿಯಲ್ಲಿ ನಾಟಿದ್ದು ಬೇರೆ ಒಂದು ಸಂಗತಿ. ಬಿದ್ದ ಮಷೀನು ಹೊಸ ಅಪ್‌ಡೇಟ್ ಪಡೆಯುವಷ್ಟೂ ಹೊತ್ತು ಎದ್ದು ನಿಲ್ಲುತ್ತಿರಲಿಲ್ಲ. ಹಾಗಾಗಿ ಎಷ್ಟೋ ಕಡೆ ಕೇಂದ್ರದಿಂದ ರಿಪೇರಿ ಆಗಲಿಲ್ಲ. ಒಬ್ಬ ಮನುಷ್ಯ ಒಂದೊಂದು ಮಷೀನಿನ ಮುಂದೆ ಹೋಗಿ ಕೂತು, ಸೇಫ್ ಮೋಡಿಗೆ ಹೋಗಿ, ಆ ಫೈಲನ್ನು ಕೈಯಾರೆ ಅಳಿಸಬೇಕಾಯಿತು. ಪೆನ್ ಡ್ರೈವ್ ಹಿಡಿದು ಆಫೀಸಿನಿಂದ ಆಫೀಸಿಗೆ ಓಡಾಡಿದ ಹುಡುಗರನ್ನು ನೆನೆದರೆ ನನಗೆ ಸೋಮವಾರದ ಬೆಳಗಿನ ನಮ್ಮ ಲ್ಯಾಬು ಕಣ್ಣಿಗೆ ಬಂತು. ನೂರಾರು ಕೋಟಿಯ ವ್ಯವಸ್ಥೆ ಕೊನೆಗೆ ಬಂದು ನಿಂತದ್ದು ಅದೇ ಕೆಲಸಕ್ಕೆ.

ಆಮೇಲೆ ಆ ಕಂಪನಿಯೂ ಪಾಠ ಕಲಿಯಿತು. ಇಂಥ ಫೈಲುಗಳನ್ನು ಮೊದಲು ಕೆಲವೇ ಮಷೀನುಗಳಿಗೆ ಬಿಟ್ಟು, ನೋಡಿ, ಆಮೇಲೆ ಹಂತಹಂತವಾಗಿ ಉಳಿದವರಿಗೆ ಬಿಡುವುದು, ಯಾವಾಗ ಪಡೆಯಬೇಕು ಅನ್ನುವ ಹಿಡಿತವನ್ನು ಗಿರಾಕಿಗೂ ಕೊಡುವುದು ಅಂತ ಮಾಡಿತು. ದೊಡ್ಡ ಅಡುಗೆ ಮಾಡುವಾಗ ಭಟ್ಟರು ಒಂದು ಹನಿ ಕೈ ಮೇಲೆ ಹಾಕಿಕೊಂಡು ರುಚಿ ನೋಡುತ್ತಾರಲ್ಲ, ಅಷ್ಟೇ. ಸಾವಿರ ಎಲೆಗೆ ಬಡಿಸಿದ ಮೇಲೆ ಉಪ್ಪು ನೋಡಿದರೆ ಏನು ಬಂತು?

*

ಈಗ ಊರಿಗೆ ಹೋದರೆ ರಾಮಥಾಳದ ಸುತ್ತ ಬೇರೆಯದೇ ಒಂದು ಕೇಂದ್ರೀಕೃತ ವ್ಯವಸ್ಥೆಯ ಮಾತು. ಕೃಷ್ಣಾ ಭಾಗ್ಯ ಜಲ ನಿಗಮದ ರಾಮಥಾಳ (ಮರೋಳ) ಹನಿ ನೀರಾವರಿ ಯೋಜನೆ. ನಾರಾಯಣಪುರ ಜಲಾಶಯದ ಹಿನ್ನೀರನ್ನು ಎತ್ತಿ, 24,000 ಹೆಕ್ಟೇರಿಗೆ ನೆಲದಡಿಯ ಪೈಪಿನಲ್ಲಿ ಕಳಿಸಿ, ಸ್ವಯಂಚಾಲಿತ ವಾಲ್ವುಗಳಿಂದ ಹೊಲಹೊಲಕ್ಕೆ ಹನಿಯಾಗಿ ಬಿಡುವ ಲೆಕ್ಕ. ಒಂದು ಭಾಗ ನೆಟಾಫಿಮ್, ಇನ್ನೊಂದು ಜೈನ್ ಇರಿಗೇಶನ್ ಮಾಡಿದ್ದು. ಮೊದಲು ಆ ನಕಾಶೆ ನೋಡಿದಾಗ ನಕ್ಕುಬಿಟ್ಟೆ, ಥೇಟ್ ನಮ್ಮ ಆಂಟಿವೈರಸ್ ಸರ್ವರಿನ ಚಿತ್ರ! ಮೇಲೆ ಒಂದು ಪೆಟ್ಟಿಗೆ, ಕೆಳಗೆ ಟಿಸಿಲು ಟಿಸಿಲಾಗಿ ಗೆರೆ, ತುದಿಯಲ್ಲಿ ಚಿಕ್ಕ ಚಿಕ್ಕ ಚೌಕ. ಪೈಪು ಹಾಕಿದ ಮಾತ್ರಕ್ಕೆ ನೀರು ಬಂತು ಅಂತಲ್ಲ ಅನ್ನುವುದನ್ನು ಅಲ್ಲಿನ ರೈತರಿಗೆ ನಾನು ಹೇಳಿಕೊಡಬೇಕಿಲ್ಲ. ನಮ್ಮ ಮಾವನಿಗಿಂತ ಚೆನ್ನಾಗಿ ಅವರಿಗೇ ಗೊತ್ತು.

ಒಂದು ಕಡೆಯಿಂದ ಹಂಚುವುದು ತಪ್ಪು ಅಂತ ನಾನು ಖಂಡಿತ ಹೇಳುವುದಿಲ್ಲ. ಮತ್ತೆ ಸಿಡಿ ಹಿಡಿದು ಬಸ್ಸು ಹತ್ತು ಅಂದರೆ ನನ್ನಿಂದಾಗದು. ಸರ್ವರ್ ಇಲ್ಲದಿದ್ದರೆ ನಮ್ಮಂಥ ಊರಿನ ಮಷೀನುಗಳಿಗೆ ಹೊತ್ತಿಗೆ ಸರಿಯಾಗಿ ಯಾವ ಕಾವಲೂ ಸಿಗುತ್ತಿರಲಿಲ್ಲ. ಆದರೆ ಬಿಡುವ ಮೊದಲು ಒಂದು ಮಷೀನಿನಲ್ಲಿ ನೋಡಬೇಕು, ಬಿಟ್ಟ ಮೇಲೆ ಕಡೀ ಮಷೀನಿನಲ್ಲಿ ನೋಡಬೇಕು. ಈ ಎರಡು ನೋಟ ತಪ್ಪಿದಾಗೆಲ್ಲ ಯಾರದೋ ಏನೋ ಹೋಗಿದೆ. ಒಬ್ಬರಿಗೆ ವಿಮಾನ ತಪ್ಪಿತು, ಒಬ್ಬಳಿಗೆ ಹದಿನಾಲ್ಕು ಪುಟ ಹೋಯಿತು.

ಆ ಹುಡುಗಿ ಆಮೇಲೆ ಒಳ್ಳೇ ಅಂಕ ತೆಗೆದು ಪಾಸಾದಳು. ಆದರೂ ಇಳಕಲ್ ಸೀರೆಯ ಅಂಗಡಿ ಮುಂದೆ ಹಾದುಹೋದಾಗಲೆಲ್ಲ ಆ ಪುಟಗಳಲ್ಲಿ ಏನಿತ್ತೋ ಅನಿಸುತ್ತದೆ. ನಾನು ಅವನ್ನು ಓದಿರಲೇ ಇಲ್ಲ.

ಸಿಡಿಯನ್ನು ಬಿಸಾಡಲಿಲ್ಲ, ಪೌಚಿನಲ್ಲೇ ವಾಪಸ್ ಇಟ್ಟೆ. ನೀವೊಂದು ಕೆಲಸ ಮಾಡಿ. ಊರಿನಲ್ಲಿ ಅಪ್ಪ ಅಮ್ಮ ಬಳಸುವ ಆ ಹಳೇ ಲ್ಯಾಪ್‌ಟಾಪು ಇದೆಯಲ್ಲ, ಮುಂದಿನ ಸಲ ಹೋದಾಗ ಅದನ್ನು ತೆರೆದು ಡೆಫಿನಿಷನ್ನಿನ ತಾರೀಖು ನೋಡಿ. ಹಸಿರು ಗುರುತು ನೋಡಬೇಡಿ, ತಾರೀಖು ನೋಡಿ. ನಿಮ್ಮ ಮನೆಯ ಕಡೀ ಹೊಲ ಅದೇ.